ಬೀಳ್ಕೊಡುಗೆಯ ದಿನ ಮೈಕು ಕೈಗೆ ಬಂದಾಗ

ಮೇ 31 ಬಂತೆಂದರೆ ನಮ್ಮ ಶಿಕ್ಷಣ ಇಲಾಖೆಯಲ್ಲಿ ಊರೂರಿಗೂ ಬೀಳ್ಕೊಡುಗೆ. ಯಾಕೆ ಅಂತ ಇಲ್ಲಿರುವ ಹಿರಿಯರಿಗೆಲ್ಲ ಗೊತ್ತು. ನಮ್ಮ ಕಾಲದಲ್ಲಿ ಮಗು ಹುಟ್ಟಿದ ತಾರೀಖನ್ನು ಎಷ್ಟೋ ಮನೆಗಳಲ್ಲಿ ಯಾರೂ ಬರೆದಿಡುತ್ತಿರಲಿಲ್ಲ. ಶಾಲೆಗೆ ಸೇರಿಸುವಾಗ ಹೆಡ್‌ಮೇಷ್ಟ್ರು ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟು ಅನ್ನುತ್ತಿದ್ದರು. ಕೈಗೆ ಕಿವಿ ಸಿಕ್ಕರೆ ವಯಸ್ಸಾಗಿದೆ ಅಂತ ಲೆಕ್ಕ. ಹುಟ್ಟಿದ ದಿನ ಜೂನ್ 1 ಅಂತ ಬರೆದುಕೊಳ್ಳುತ್ತಿದ್ದರು. ತಿಂಗಳ ಮೊದಲ ದಿನ ಹುಟ್ಟಿದವರು ಅದರ ಹಿಂದಿನ ದಿನವೇ ನಿವೃತ್ತರಾಗಬೇಕು. ಹಾಗಾಗಿ ಮೇ 31. ನಾನೂ 2019ರಲ್ಲಿ ಅದೇ ದಿನ ಮನೆಗೆ ಬಂದವನು.

ಆ ದಿನ ಏನೇನು ಆಗುತ್ತದೆ ಅಂತಲೂ ನಿಮಗೆ ಗೊತ್ತು. ಶಾಲು, ಮೈಸೂರು ಪೇಟ, ಹಾರ, ಹಣ್ಣಿನ ಬುಟ್ಟಿ. ನಾಲ್ಕೈದು ಜನ ಮಾತಾಡುತ್ತಾರೆ. ಆಮೇಲೆ ಮೈಕು ನಮ್ಮ ಕೈಗೆ ಬರುತ್ತದೆ. ಮೂವತ್ತು ವರ್ಷದ ಕೆಲಸದ ಬಗ್ಗೆ ನಮ್ಮದೇ ಬಾಯಲ್ಲಿ, ಎಲ್ಲರ ಎದುರಿಗೆ ಹೇಳಲು ಸಿಗುವುದು ಅದೊಂದು ಹತ್ತು ನಿಮಿಷ. ಆ ಹತ್ತು ನಿಮಿಷದ ಬಗ್ಗೆ ಇವತ್ತು ಮಾತಾಡಬೇಕು ಅಂತ ಬಂದಿದ್ದೇನೆ. ಈ ಸಭೆಯಲ್ಲಿ ಮುಂದಿನ ಎರಡು ಮೂರು ವರ್ಷದಲ್ಲಿ ನಿವೃತ್ತರಾಗುವವರೇ ಜಾಸ್ತಿ ಇದ್ದೀರಿ.

ಮೊದಲು ಒಂದು ಘಟನೆ ಹೇಳುತ್ತೇನೆ. ನನಗೆ ತುಂಬಾ ಬೇಕಾದ ಹಿರಿಯ ಮೇಷ್ಟ್ರೊಬ್ಬರ ಬೀಳ್ಕೊಡುಗೆ. ಒಳ್ಳೆಯ ಪಾಠಗಾರರು. ಅವರ ಹತ್ತಿರ ಗಣಿತ ಕಲಿತವರು ಇವತ್ತೂ ಅವರ ಹೆಸರು ಹೇಳುತ್ತಾರೆ. ಮೈಕು ಹಿಡಿದು ಮೊದಲು ಎರಡು ನಿಮಿಷ ಎಲ್ಲರಿಗೂ ವಂದನೆ ಹೇಳಿದರು. ಆಮೇಲೆ ಒಂದು ವರ್ಗಾವಣೆಯ ಕಥೆ ಶುರುವಾಯಿತು. ಹದಿನೆಂಟು ವರ್ಷ ಹಿಂದಿನದು. ಅವರ ಹೆಂಡತಿಗೆ ಆಪರೇಷನ್ ಆಗಿತ್ತು, ಮನೆಯಲ್ಲಿ ಚಿಕ್ಕ ಮಕ್ಕಳು. ಅಂಥ ಹೊತ್ತಿನಲ್ಲಿ ಅಧಿಕಾರಿಯೊಬ್ಬರು ಬಸ್ಸೂ ಇಲ್ಲದ ಹಳ್ಳಿಗೆ ಹಾಕಿದರು. ಅರ್ಜಿ ಕೊಟ್ಟ ದಿನ, ಕಚೇರಿಯ ಬಾಗಿಲಲ್ಲಿ ಎಷ್ಟು ಹೊತ್ತು ನಿಲ್ಲಿಸಿದರು, ಏನು ಮಾತು ಆಡಿದರು, ಎಲ್ಲವೂ ಹೇಳಿದರು. ಒಂದೊಂದು ಮಾತೂ ನಿಜ ಅಂತ ನನಗೆ ಗೊತ್ತಿತ್ತು. ಆ ವರ್ಷ ಅವರ ಜೊತೆಗಿದ್ದವನು ನಾನು.

ಆದರೆ ಆ ಅಧಿಕಾರಿ ತೀರಿಹೋಗಿ ಆರು ವರ್ಷವಾಗಿತ್ತು. ಅವರ ಮಗಳು ಅದೇ ತಾಲ್ಲೂಕಿನ ಇನ್ನೊಂದು ಶಾಲೆಯಲ್ಲಿ ಟೀಚರ್. ಎರಡನೇ ಸಾಲಿನಲ್ಲಿ ಕೂತಿದ್ದರು. ಮೇಷ್ಟ್ರಿಗೆ ಅದು ಹೊಳೆಯಲೇ ಇಲ್ಲ. ಆ ಹೆಣ್ಣುಮಗಳು ಎದ್ದು ಹೋಗಲೂ ಆಗದೆ, ತಲೆ ಎತ್ತಲೂ ಆಗದೆ ಸೆರಗಿನ ತುದಿಯನ್ನು ಮಡಚುತ್ತಾ ಬಿಚ್ಚುತ್ತಾ ಕೂತಿದ್ದರು. ಊಟಕ್ಕೆ ನಿಲ್ಲಲಿಲ್ಲ. ಮೇಷ್ಟ್ರಿಗೆ ಯಾರೋ ಆಮೇಲೆ ವಿಷಯ ಹೇಳಿದರು. ಅವತ್ತು ರಾತ್ರಿ ನನಗೆ ಫೋನ್ ಮಾಡಿದರು. ಮೂವತ್ತೈದು ವರ್ಷ ಪಾಠ ಮಾಡಿದ್ದೇನೆ, ಕೊನೆ ದಿನ ಒಂದು ಹುಡುಗಿಯನ್ನು ಅಳಿಸಿ ಬಂದೆನಲ್ಲಪ್ಪ ಅಂದರು.

ಯಾಕೆ ಹೀಗಾಗುತ್ತದೆ? ಆ ಮೇಷ್ಟ್ರು ಸಣ್ಣ ಮನಸ್ಸಿನವರಲ್ಲ. ನನಗೆ ಅನಿಸುವುದು ಇಷ್ಟು. ನೋವಿಗೆ ತಾರೀಖು ಇರುತ್ತದೆ. ಯಾರು ಅಂದರು, ಎಲ್ಲಿ ಅಂದರು, ಅವತ್ತು ಯಾವ ಬಣ್ಣದ ಅಂಗಿ ಹಾಕಿದ್ದರು, ಎಲ್ಲ ನೆನಪಿರುತ್ತದೆ. ಉಪಕಾರಕ್ಕೆ ಅಂಥ ಗುರುತು ಉಳಿಯುವುದಿಲ್ಲ. ಎಲ್ಲರೂ ಸಹಕಾರ ಕೊಟ್ಟರು ಅಂತ ಒಂದೇ ಸಾಲಿಗೆ ಇಳಿದುಬಿಡುತ್ತದೆ.

ನಮ್ಮ ಸೇವಾ ಪುಸ್ತಕವನ್ನೇ ನೋಡಿ. ಸೇರಿದ ದಿನ ಇದೆ, ವರ್ಗಾವಣೆ ಇದೆ, ವಾರ್ಷಿಕ ವೇತನ ಬಡ್ತಿ ಇದೆ. ಅದನ್ನು ತಡೆಹಿಡಿದಿದ್ದರೆ ಅದೂ ಇದೆ. ರಜೆಯ ಲೆಕ್ಕವಂತೂ ಅರ್ಧ ದಿನವನ್ನೂ ಬಿಡದೆ ಬರೆದಿದೆ. ಆದರೆ ಅಮ್ಮ ಆಸ್ಪತ್ರೆಯಲ್ಲಿದ್ದಾಗ ಹದಿನೈದು ದಿನ ನಿಮ್ಮ ಪೀರಿಯಡ್ಡುಗಳನ್ನು ಯಾರು ತೆಗೆದುಕೊಂಡರು ಅಂತ ಬರೆಯಲು ಅದರಲ್ಲಿ ಜಾಗ ಇಲ್ಲ, ಅಲ್ವಾ? ಹೊಸದಾಗಿ ಸೇರಿದಾಗ ಸಂಬಳ ಮೂರು ತಿಂಗಳು ಬರದೇ ಇದ್ದಾಗ ದಿನಸಿ ಅಂಗಡಿಯವರು ಸಾಲ ಕೊಟ್ಟಿದ್ದಕ್ಕೂ ಜಾಗ ಇಲ್ಲ. ನಮ್ಮ ತಲೆಯೊಳಗಿನ ಪುಸ್ತಕವೂ ಹಾಗೇ ಆಗಿಬಿಟ್ಟಿದೆ. ಮೈಕು ಕೈಗೆ ಬಂದಾಗ ಅದನ್ನೇ ತೆರೆದು ಓದುತ್ತೇವೆ.

ಇದು ನಮ್ಮಂಥ ಮೇಷ್ಟ್ರುಗಳಿಗೆ ಮಾತ್ರ ಬರುವ ಕಷ್ಟ ಅಂದುಕೊಳ್ಳಬೇಡಿ. ಅಮೆರಿಕದ ಇಬ್ಬರು ಆಟಗಾರರ ಮಾತುಗಳನ್ನು ನಾನು ಬಹಳ ಸಲ ಯೋಚಿಸಿದ್ದೇನೆ.

ಒಬ್ಬರು ಮೈಕೆಲ್ ಜೋರ್ಡನ್. ಬ್ಯಾಸ್ಕೆಟ್‌ಬಾಲ್‌ನಲ್ಲಿ ಅವರಿಗಿಂತ ದೊಡ್ಡ ಹೆಸರು ಇಲ್ಲ ಅನ್ನುತ್ತಾರೆ. ಆರು ಸಲ ಚಾಂಪಿಯನ್ ಆದ ತಂಡದಲ್ಲಿದ್ದವರು. 2009ರ ಸೆಪ್ಟೆಂಬರ್‌ನಲ್ಲಿ ಅವರನ್ನು ಆ ಆಟದ ಹಾಲ್ ಆಫ್ ಫೇಮ್‌ಗೆ ಸೇರಿಸಿದರು. ಅದಕ್ಕಿಂತ ದೊಡ್ಡ ಗೌರವ ಇಲ್ಲ. ವೇದಿಕೆಗೆ ಬಂದಾಗ ಕಣ್ಣಲ್ಲಿ ನೀರಿತ್ತು. ಆಮೇಲೆ ಏನು ಮಾತಾಡಿದರು ಗೊತ್ತಾ? ಹೈಸ್ಕೂಲಿನಲ್ಲಿ ದೊಡ್ಡವರ ತಂಡಕ್ಕೆ ತಮ್ಮನ್ನು ಬಿಟ್ಟು ಇನ್ನೊಬ್ಬ ಹುಡುಗನನ್ನು ಆರಿಸಿದ್ದರು. ಸುಮಾರು ಮೂವತ್ತು ವರ್ಷ ಹಿಂದಿನ ಮಾತು. ಆ ಹುಡುಗನೂ ಸಭೆಗೆ ಬಂದಿದ್ದ. ಅವನನ್ನು ತೋರಿಸಿ, ಅವತ್ತು ಆರಿಸಿದ ಕೋಚ್ ತಪ್ಪು ಮಾಡಿದರು ಅಂತ ಹೇಳಿದರು. ಕಾಲೇಜಿನ ಕೋಚ್ ಯಾವುದೋ ಪತ್ರಿಕೆಯ ಮುಖಪುಟಕ್ಕೆ ತಮ್ಮ ಹೆಸರು ಹೇಳಲಿಲ್ಲ ಅಂತ ಹೇಳಿದರು. ಎದುರಾಳಿ ಆಟಗಾರನೊಬ್ಬ ಯಾವತ್ತೋ ಕೆಣಕಿದ್ದನ್ನು ಹೇಳಿದರು. ಒಂದಾದ ಮೇಲೆ ಒಂದು.

ಅವರ ಬಗ್ಗೆ ನ್ಯಾಯವಾಗಿ ಮಾತಾಡಬೇಕು. ಇವೆಲ್ಲ ನನ್ನ ಒಳಗಿನ ಬೆಂಕಿಗೆ ಸೌದೆ ಹಾಕಿದವು ಅಂತಲೇ ಅವರು ಹೇಳಿದ್ದು. ಆ ಬೆಂಕಿ ಇಲ್ಲದಿದ್ದರೆ ಆ ಆಟ ಇರುತ್ತಿರಲಿಲ್ಲವೇನೋ. ಅವಮಾನವನ್ನು ಉರಿಸಿ ಮೇಲೆ ಬಂದವರು ನಮ್ಮಲ್ಲೂ ಎಷ್ಟು ಜನ ಇಲ್ಲ! ಆದರೆ ಅಡುಗೆ ಮುಗಿದು, ಊಟಕ್ಕೆ ಎಲ್ಲರನ್ನೂ ಕೂರಿಸಿದ ಮೇಲೂ ಒಲೆಗೆ ಸೌದೆ ತುರುಕುತ್ತಾ ಕೂತರೆ ಬಂದವರಿಗೆ ಹೊಗೆಯೇ ತಾನೇ ಸಿಗುವುದು? ಆ ಭಾಷಣವನ್ನು ಇವತ್ತಿಗೂ ಜನ ನೆನಪಿಟ್ಟಿರುವುದು ಹೆಚ್ಚಾಗಿ ಆ ಹೊಗೆಗೇ.

ಇನ್ನೊಬ್ಬರು ಲೂ ಗೆರಿಗ್. ಬೇಸ್‌ಬಾಲ್ ಆಟಗಾರ, ನ್ಯೂಯಾರ್ಕ್‌ನ ಯಾಂಕೀಸ್ ತಂಡದವರು. 1925ರಿಂದ 1939ರವರೆಗೆ ಒಂದು ಪಂದ್ಯವನ್ನೂ ತಪ್ಪಿಸದೆ ಸತತವಾಗಿ 2,130 ಪಂದ್ಯ ಆಡಿದರು. ಕೈ ಬೆರಳುಗಳು ಎಷ್ಟೋ ಸಲ ಮುರಿದಿದ್ದವು, ಆದರೂ ಆಡಿದರು. 1938ರಲ್ಲಿ ಕೈಕಾಲಿನ ಶಕ್ತಿ ಕುಂದತೊಡಗಿತು. 1939ರ ಜೂನ್‌ನಲ್ಲಿ ಡಾಕ್ಟರುಗಳು ಕಾಯಿಲೆ ಏನೆಂದು ಹೇಳಿದರು. ನರಗಳು ಸೋತು ಸ್ನಾಯುಗಳು ಒಂದೊಂದಾಗಿ ನಿಲ್ಲುವ ಕಾಯಿಲೆ, ವಾಸಿಯಾಗದ್ದು. ಆಗ ಅವರಿಗೆ 36 ವರ್ಷ. ಅಮೆರಿಕದಲ್ಲಿ ಇವತ್ತಿಗೂ ಆ ಕಾಯಿಲೆಯನ್ನು ಅವರ ಹೆಸರಿನಿಂದಲೇ ಕರೆಯುತ್ತಾರೆ. ಜುಲೈ 4ರಂದು ಯಾಂಕೀ ಸ್ಟೇಡಿಯಂನಲ್ಲಿ 60 ಸಾವಿರಕ್ಕೂ ಜಾಸ್ತಿ ಜನರ ಎದುರು ಅವರಿಗೆ ಬೀಳ್ಕೊಡುಗೆ.

ಆ ಮನುಷ್ಯನಿಗೆ ಕಹಿಯಾಗಲು ಎಷ್ಟು ಕಾರಣ ಇತ್ತು! ದೇವರ ಮೇಲೆ ಸಿಟ್ಟು ಮಾಡಿಕೊಂಡಿದ್ದರೂ ಯಾರೂ ತಪ್ಪು ಅನ್ನುತ್ತಿರಲಿಲ್ಲ. ಅವರು ಹೇಳಿದ್ದು, ಈ ಭೂಮಿಯ ಮೇಲೆ ನನ್ನಷ್ಟು ಅದೃಷ್ಟವಂತ ಇಲ್ಲ ಅಂತ. ಈ ಒಂದು ಸಾಲು ಎಲ್ಲರಿಗೂ ಗೊತ್ತು. ಆದರೆ ನನಗೆ ಅದಕ್ಕಿಂತ ಇಷ್ಟವಾಗುವುದು ಆಮೇಲಿನ ಮಾತು. ತಾನು ಯಾಕೆ ಅದೃಷ್ಟವಂತ ಅಂತ ಒಂದೊಂದಾಗಿ ಎಣಿಸಿದರು. ನಾವು ಹೇಗಾದರೂ ಸೋಲಿಸಬೇಕು ಅಂತ ಕಾಯುವ ಎದುರಾಳಿ ತಂಡವೇ ಉಡುಗೊರೆ ಕಳಿಸಿದೆ, ಅಂದರು. ಮೈದಾನ ನೋಡಿಕೊಳ್ಳುವ ಕೆಲಸದವರು ನೆನಪಿಟ್ಟು ಕಾಣಿಕೆ ಕೊಟ್ಟಿದ್ದಾರೆ, ಅಂದರು. ಗಂಡ ಹೆಂಡತಿ ಜಗಳದಲ್ಲಿ ಸ್ವಂತ ಮಗಳನ್ನು ಬಿಟ್ಟು ನನ್ನ ಪರ ಮಾತಾಡುವ ಅತ್ತೆ ಇದ್ದಾರೆ, ಅಂದರು. ನನ್ನ ಓದಿಗಾಗಿ ಜೀವನಪೂರ್ತಿ ದುಡಿದ ಅಪ್ಪ ಅಮ್ಮ ಇದ್ದಾರೆ, ಅಂದರು.

ಅತ್ತೆಯ ಮಾತು ಕೇಳಿದಿರಲ್ಲ? ನನ್ನ ಕುಟುಂಬಕ್ಕೆ ಋಣಿ ಅಂದಿದ್ದರೆ ಅದು ಯಾರಿಗೂ ನೆನಪಿರುತ್ತಿರಲಿಲ್ಲ. ಅತ್ತೆ ಯಾವ ಹೊತ್ತಿನಲ್ಲಿ ಯಾರ ಪರ ನಿಂತರು ಅಂತ ಹೇಳಿದ್ದಕ್ಕೆ ಎಂಬತ್ತು ವರ್ಷ ದಾಟಿದರೂ, ಬೇಸ್‌ಬಾಲ್ ಗೊತ್ತೇ ಇಲ್ಲದ ನಾವು ಇಲ್ಲಿ ಕೂತು ಆ ತಾಯಿಯನ್ನು ನೆನೆಯುತ್ತಿದ್ದೇವೆ. ಗೆರಿಗ್ 1941ರ ಜೂನ್‌ನಲ್ಲಿ ತೀರಿಕೊಂಡರು. ಬೀಳ್ಕೊಡುಗೆಯಾಗಿ ಎರಡು ವರ್ಷವೂ ತುಂಬಿರಲಿಲ್ಲ.

ನಮ್ಮವರದೇ ಒಂದು ಉದಾಹರಣೆ ಬೇಕು ಅಂದರೆ ಸಚಿನ್. 2013ರ ನವೆಂಬರ್ 16, ವಾಂಖೆಡೆ ಮೈದಾನ. ನೀವೆಲ್ಲ ಟಿವಿಯಲ್ಲಿ ನೋಡಿರುತ್ತೀರಿ. ಅವರ ಕೈಯಲ್ಲಿ ಒಂದು ಪಟ್ಟಿ ಇತ್ತು. ಯಾರನ್ನಾದರೂ ಮರೆತುಬಿಟ್ಟೇನು ಅಂತ ಬರೆದುಕೊಂಡು ಬಂದಿದ್ದರು. ಮೊದಲ ಬ್ಯಾಟು ಕೊಟ್ಟ ಅಕ್ಕನ ಹೆಸರು ಹೇಳಿದರು. ಸ್ಕೂಟರ್ ಮೇಲೆ ಕೂರಿಸಿಕೊಂಡು ಒಂದು ಮೈದಾನದಿಂದ ಇನ್ನೊಂದಕ್ಕೆ ಕರೆದುಕೊಂಡು ಹೋಗುತ್ತಿದ್ದ ಅಚ್ರೇಕರ್ ಸರ್ ಬಗ್ಗೆ ಹೇಳಿದರು. ಇಷ್ಟು ವರ್ಷದಲ್ಲಿ ಒಂದು ಸಲವೂ ಚೆನ್ನಾಗಿ ಆಡಿದೆ ಅಂತ ಅವರು ಅಂದಿಲ್ಲ ಅನ್ನುವುದನ್ನೂ ಪ್ರೀತಿಯಿಂದಲೇ ಹೇಳಿದರು. 24 ವರ್ಷ ಆಡಿದವರು, 200 ಟೆಸ್ಟ್ ಆಡಿದವರು ಪಟ್ಟಿ ಬರೆದುಕೊಂಡು ಬಂದಿದ್ದರು ಅನ್ನುವುದನ್ನು ಗಮನಿಸಿ. ಕೃತಜ್ಞತೆ ಮನಸ್ಸಿನಲ್ಲಿದೆ, ಬಾಯಿಗೆ ತಾನಾಗಿ ಬರುತ್ತದೆ ಅಂತ ಅವರು ನಂಬಿ ಕೂರಲಿಲ್ಲ.

ಹಾಗಾದರೆ ಅವರಿಗೆ ಬೇಜಾರುಗಳು ಇರಲಿಲ್ವಾ? ಇದ್ದವು. 2004ರಲ್ಲಿ ಮುಲ್ತಾನ್ ಟೆಸ್ಟ್. ಸಚಿನ್ 194ಕ್ಕೆ ಆಡುತ್ತಿದ್ದಾಗ ನಮ್ಮ ರಾಹುಲ್ ದ್ರಾವಿಡ್ ಇನಿಂಗ್ಸ್ ಡಿಕ್ಲೇರ್ ಮಾಡಿಬಿಟ್ಟರು. ಗಂಗೂಲಿ ಗಾಯಗೊಂಡಿದ್ದರಿಂದ ದ್ರಾವಿಡ್ ನಾಯಕರಾಗಿದ್ದರು. ದ್ವಿಶತಕಕ್ಕೆ ಆರು ರನ್ ಬೇಕಿತ್ತು ಅಷ್ಟೇ. ಆಗ ನಮ್ಮ ಸ್ಟಾಫ್ ರೂಮಿನಲ್ಲಿ ಒಂದು ವಾರ ಇದೇ ಜಗಳ. ವಾಂಖೆಡೆಯಲ್ಲಿ ಸಚಿನ್ ಆ ಮಾತು ಎತ್ತಲಿಲ್ಲ. ಮರುವರ್ಷ ಬಂದ ಆತ್ಮಕತೆಯಲ್ಲಿ ಬರೆದರು. ಆಗ ಬೇಸರವಾಗಿತ್ತು, ಸ್ವಲ್ಪ ಹೊತ್ತು ನನ್ನನ್ನು ಒಬ್ಬನನ್ನೇ ಬಿಡು ಅಂತ ರಾಹುಲ್‌ಗೆ ಹೇಳಿದ್ದೆ ಅನ್ನುವುದನ್ನೂ ಬರೆದರು, ಅದರಿಂದ ನಮ್ಮ ಸ್ನೇಹ ಕೆಡಲಿಲ್ಲ ಅನ್ನುವುದನ್ನೂ ಬರೆದರು. ಪುಸ್ತಕದಲ್ಲಿ ಎರಡಕ್ಕೂ ಜಾಗ ಇರುತ್ತದೆ. ಎದುರಿನವರು ಓದಿ ಉತ್ತರ ಬರೆಯಬಹುದು. ವೇದಿಕೆಯಲ್ಲಿ ಹೂವಿನ ಹಾರ ಹಾಕಿಕೊಂಡು ನಿಂತವರಿಗೆ ಯಾರು ಎದುರು ಮಾತಾಡುತ್ತಾರೆ ಹೇಳಿ?

ದ್ರಾವಿಡ್ ಹೆಸರು ಬಂತು, ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. 2012ರ ಮಾರ್ಚ್ 9ರಂದು ಬೆಂಗಳೂರಿನ ಚಿನ್ನಸ್ವಾಮಿ ಮೈದಾನದಲ್ಲಿ ಅವರು ನಿವೃತ್ತಿ ಹೇಳಿದರು. ಕೆಲವು ಸಲ ಸೋತಿದ್ದೇನೆ, ಪ್ರಯತ್ನ ಮಾತ್ರ ಬಿಟ್ಟಿಲ್ಲ, ದುಃಖದಿಂದಲೂ ಹೋಗುತ್ತಿದ್ದೇನೆ ಹೆಮ್ಮೆಯಿಂದಲೂ ಹೋಗುತ್ತಿದ್ದೇನೆ ಅನ್ನುವ ಅರ್ಥದ ಮಾತಾಡಿದರು. ದುಃಖ ಇದೆ ಅಂತ ಒಪ್ಪಿಕೊಂಡರಲ್ಲ, ಅದು ನನಗೆ ದೊಡ್ಡದು ಅನಿಸಿತು. ಬರೀ ಸಂತೋಷ, ಬರೀ ತೃಪ್ತಿ ಅಂತ ಹೇಳುವ ಭಾಷಣಗಳನ್ನು ನಾನು ನಂಬುವುದಿಲ್ಲ.

ಇಲ್ಲಿ ಒಂದು ಪ್ರಶ್ನೆ ನಿಮ್ಮಲ್ಲಿ ಎದ್ದಿರಬಹುದು. ಅನ್ಯಾಯ ಆದವರು ಸುಮ್ನೆ ಇರಬೇಕಾ? ಖಂಡಿತ ಬೇಡ. 2006ರ ಏಪ್ರಿಲ್ 1ರಿಂದ ಈಚೆಗೆ ಸೇರಿದವರಲ್ಲಿ ಹೆಚ್ಚಿನವರಿಗೆ ಹಳೆಯ ಪಿಂಚಣಿ ಇಲ್ಲ, ಎನ್‌ಪಿಎಸ್ ಅನ್ನುವ ಹೊಸ ಪಿಂಚಣಿ ಯೋಜನೆ ಮಾತ್ರ. ಅಂಥವರೊಬ್ಬರು ತಮ್ಮ ಬೀಳ್ಕೊಡುಗೆಯ ದಿನ, ಇದರಲ್ಲಿ ನನಗೆ ತಿಂಗಳಿಗೆ ಇಷ್ಟೇ ಬರುತ್ತದೆ ಅಂತ ಲೆಕ್ಕ ಹೇಳಿದರೆ ಅದನ್ನು ಕಹಿ ಅನ್ನಬಾರದು. ಹಿಂದೆ ಬರುವವರಿಗೆ ಅದು ಬೇಕಾದ ಮಾತು. ವರ್ಷ ವರ್ಷ ಕೆಲಸ ಇರುತ್ತದೋ ಇಲ್ಲವೋ ಅಂತ ಗೊತ್ತಿಲ್ಲದೆ ಪಾಠ ಮಾಡಿದ ಅತಿಥಿ ಶಿಕ್ಷಕರಿಗೆ ಬೀಳ್ಕೊಡುಗೆಯೇ ಇರುವುದಿಲ್ಲ. ಅವರು ಎಲ್ಲಿ ಸಿಕ್ಕ ಮೈಕಿನಲ್ಲಿ ಮಾತಾಡಿದರೂ ನಾವು ಕೇಳಬೇಕು.

ನಾನು ಕೇಳಿದ ಅತ್ಯಂತ ಒಳ್ಳೆಯ ಬೀಳ್ಕೊಡುಗೆಯ ಮಾತು ಇಂಥದ್ದೇ. ಕನ್ನಡ ಟೀಚರೊಬ್ಬರದು. ಮೆಲ್ಲಗೆ ಮಾತಾಡುವವರು. ಅವರು ಹೇಳಿದರು, ನಾನು ಕೆಲಸ ಮಾಡಿದ ಮೂರು ಶಾಲೆಯಲ್ಲಿ ಟೀಚರುಗಳಿಗೆ ಶೌಚಾಲಯ ಇರಲಿಲ್ಲ. ಬೆಳಿಗ್ಗೆ ಮನೆ ಬಿಟ್ಟರೆ ಸಂಜೆ ಮನೆ ಸೇರುವವರೆಗೆ ನೀರು ಕುಡಿಯುತ್ತಿರಲಿಲ್ಲ. ಪಾಠ ಮಾಡಿ ಗಂಟಲು ಒಣಗುತ್ತಿತ್ತು, ಬಾಯಿ ಮುಕ್ಕಳಿಸಿ ಉಗಿಯುತ್ತಿದ್ದೆ. ಅದರಿಂದ ಆದ ಕಾಯಿಲೆ ಈಗಲೂ ಇದೆ. ಸಭೆ ಗಪ್ ಆಯಿತು. ವೇದಿಕೆಯಲ್ಲಿ ಎಸ್‌ಡಿಎಂಸಿ ಅಂದರೆ ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷರಿದ್ದರು, ಇಲಾಖೆಯವರಿದ್ದರು. ಆ ಟೀಚರ್ ಯಾರ ಹೆಸರನ್ನೂ ಹೇಳಲಿಲ್ಲ. ಸ್ವಲ್ಪ ನಿಲ್ಲಿಸಿ ಮುಂದೆ ಹೇಳಿದರು, ಎರಡನೇ ಶಾಲೆಯ ಪಕ್ಕದಲ್ಲಿ ಒಬ್ಬರು ಅಜ್ಜಿ ಇದ್ದರು. ನಾನು ಸೇರಿದ ಎರಡನೇ ವಾರ ಗೇಟಿನ ಹತ್ತಿರ ಬಂದು, ಕಷ್ಟ ಪಡಬೇಡ ಮಗಳೇ, ಮಧ್ಯಾಹ್ನ ನಮ್ಮ ಮನೆಗೆ ಬಾ ಅಂದರು. ಆಮೇಲೆ ನಾನು ಅಲ್ಲಿ ಇದ್ದ ಏಳು ವರ್ಷವೂ ಆ ಹೊತ್ತಿಗೆ ಹಿತ್ತಿಲ ಬಾಗಿಲ ಅಗುಳಿ ತೆಗೆದಿರುತ್ತಿದ್ದರು. ಊರಿಗೆ ಹೋದರೆ ಬೀಗದ ಕೈಯನ್ನು ನನಗೆ ಕೊಟ್ಟು ಹೋಗುತ್ತಿದ್ದರು.

ಈ ಮಾತಿನಲ್ಲಿ ಕಹಿ ಯಾವುದು, ಕೃತಜ್ಞತೆ ಯಾವುದು ಅಂತ ಬಿಡಿಸಲು ನನಗೆ ಆಗಲಿಲ್ಲ. ಶೌಚಾಲಯ ಇಲ್ಲದಿದ್ದ ಕಥೆ ಹೇಳದೇ ಇದ್ದಿದ್ದರೆ ಅಜ್ಜಿಯ ಅಗುಳಿಗೆ ಅರ್ಥವೇ ಇರುತ್ತಿರಲಿಲ್ಲ. ಅಜ್ಜಿಯನ್ನು ಬಿಟ್ಟಿದ್ದರೆ ಅದು ಬರೀ ದೂರಾಗುತ್ತಿತ್ತು. ಎರಡನ್ನೂ ಅಷ್ಟೇ ವಿವರವಾಗಿ ಹೇಳಿದರು.

ಡಿವಿಜಿಯವರ ಜ್ಞಾಪಕ ಚಿತ್ರಶಾಲೆ ನಿಮ್ಮಲ್ಲಿ ಓದಿದವರು ಇದ್ದೀರಿ. ಎಂಟು ಸಂಪುಟ. ಅಷ್ಟು ದೊಡ್ಡ ಬದುಕು ಬದುಕಿದವರು ಹಿಂದಿರುಗಿ ನೋಡುವಾಗ ತಮ್ಮ ಕಥೆ ಬರೆಯಲಿಲ್ಲ, ತಾವು ಕಂಡವರ ಕಥೆ ಬರೆದರು. ದಿವಾನರಿಗೆ ಒಂದು ಸಂಪುಟ ಕೊಟ್ಟ ಹಾಗೆ ಹೃದಯಸಂಪನ್ನರಿಗೂ ಒಂದು ಸಂಪುಟ ಕೊಟ್ಟರು. ಅಧಿಕಾರ, ಹೆಸರು ಇಲ್ಲದವರೂ ಅಲ್ಲಿ ಅವರವರ ಮಾತು, ನಡೆ, ಚಹರೆ ಸಮೇತ ಬಂದು ಕೂರುತ್ತಾರೆ. ಓದದೇ ಇದ್ದವರು ದಯವಿಟ್ಟು ಅದೊಂದು ಸಂಪುಟದಿಂದ ಶುರು ಮಾಡಿ.

ಈಗ ನನ್ನದು. ನಾನು 1989ರಲ್ಲಿ ಕೆಲಸಕ್ಕೆ ಸೇರಿದವನು. ಒಂದು ವರ್ಷ ಬಂದ ಜ್ಯೇಷ್ಠತಾ ಪಟ್ಟಿಯಲ್ಲಿ ಅದು 1998 ಅಂತ ಆಗಿತ್ತು. ಎರಡು ಅಂಕಿ ಅದಲು ಬದಲು. ಒಂಬತ್ತು ವರ್ಷ ಕಿರಿಯರೆಲ್ಲ ನನಗಿಂತ ಮೇಲೆ ಹೋದರು. ಆಕ್ಷೇಪಣೆ ಬರೆದುಕೊಂಡು ಮೇಲಿನ ಕಚೇರಿಗೆ ಹೋದೆ. ಅಲ್ಲಿದ್ದ ಸಾಹೇಬರು ಹತ್ತು ಜನರ ಎದುರಿಗೆ, ಪಾಠ ಮಾಡೋದು ಬಿಟ್ಟು ಇದೇ ಕೆಲಸವಾ ನಿಮಗೆ ಅಂದರು. ಪಟ್ಟಿ ಸರಿಯಾಗಲು ನಾಲ್ಕು ವರ್ಷ ಹಿಡಿಯಿತು. ಹೆಡ್‌ಮಾಸ್ಟರ್ ಆಗಿ ಬಡ್ತಿ ಬಂದಾಗ ಸರ್ವಿಸ್ ಉಳಿದಿದ್ದು ಎರಡು ವರ್ಷ.

ನನ್ನ ಬೀಳ್ಕೊಡುಗೆಯ ಹಿಂದಿನ ರಾತ್ರಿ ಇದನ್ನೆಲ್ಲ ಎರಡು ಹಾಳೆಯಲ್ಲಿ ಬರೆದೆ. ನನ್ನ ಹೆಂಡತಿ ಓದಿದಳು. ಆ ಸಾಹೇಬರು ನಾಳೆ ಬರ್ತಾರಾ ಅಂತ ಕೇಳಿದಳು. ಇಲ್ಲ ಅಂದೆ. ಹಾಗಾದ್ರೆ ಇದನ್ನ ಯಾರಿಗೆ ಹೇಳ್ತೀರಿ ಅಂದಳು. ಹಾಳೆ ಜೇಬಿನಲ್ಲೇ ಉಳಿಯಿತು. ವೇದಿಕೆಯಲ್ಲಿ ಎಲ್ಲರಿಗೂ ಧನ್ಯವಾದ, ಸಹಕಾರ ಕೊಟ್ಟ ಸಹೋದ್ಯೋಗಿಗಳಿಗೆ ನಾನು ಚಿರಋಣಿ ಅಂತ ಹೇಳಿ ಕೂತೆ. ಎಲ್ಲರೂ ಚಪ್ಪಾಳೆ ಹೊಡೆದರು.

ಆಮೇಲೆ ಒಂದು ವರ್ಷ ಬಿಟ್ಟು ಆ ಹಾಳೆಗಳನ್ನು ತೆಗೆದು ಓದಿದೆ. ಪಟ್ಟಿ ಸರಿಯಾಯಿತು ಅಂತ ಒಂದು ಸಾಲು ಬರೆದಿದ್ದೆ. ಹೇಗೆ ಸರಿಯಾಯಿತು ಅಂತ ಬರೆದೇ ಇರಲಿಲ್ಲ. ನಮ್ಮ ಶಾಲೆಯಲ್ಲಿ ಒಬ್ಬರು ಗುಮಾಸ್ತರಿದ್ದರು. ನಾನು ಕೇಳದೇನೇ ತಮ್ಮ ಒಂದು ದಿನದ ಸಾಂದರ್ಭಿಕ ರಜೆ ಹಾಕಿ, ಎರಡು ಬಸ್ಸು ಬದಲಾಯಿಸಿ, ನಾನು ಮೊದಲು ಸೇರಿದ ಶಾಲೆಗೆ ಹೋದರು. ಅಲ್ಲಿನ ಟ್ರಂಕಿನಲ್ಲಿ ಗೆದ್ದಲು ಹಿಡಿದಿದ್ದ ಕಾಗದಗಳ ನಡುವೆ 1989ರ ಹಾಜರಿ ಪುಸ್ತಕ ಹುಡುಕಿದರು. ನನ್ನ ಸಹಿ ಇರುವ ಪುಟದ ಪ್ರತಿ ಮಾಡಿಸಿ, ದೃಢೀಕರಿಸಿಕೊಂಡು ಬಂದರು. ಆ ಪುಟ ಇಲ್ಲದಿದ್ದರೆ ಪಟ್ಟಿ ಸರಿಯಾಗುತ್ತಿರಲಿಲ್ಲ. ಬಸ್ ಚಾರ್ಜು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ.

ಅವರು ನನಗಿಂತ ಮುಂಚೆ ನಿವೃತ್ತರಾದರು. ಅವರ ಬೀಳ್ಕೊಡುಗೆಯಲ್ಲಿ ನಾನೂ ಮಾತಾಡಿದ್ದೆ. ಸರಳರು, ಸಜ್ಜನರು, ಕರ್ತವ್ಯನಿಷ್ಠರು ಅಂದಿದ್ದೆ. ಆ ಟ್ರಂಕಿನ ವಿಷಯ ಹೇಳಿರಲಿಲ್ಲ. ಯಾಕೆ ಹೇಳಲಿಲ್ಲ ಅಂತ ನನ್ನನ್ನೇ ಎಷ್ಟು ಸಲ ಕೇಳಿಕೊಂಡಿದ್ದೇನೋ. ಸಾಹೇಬರು ಅಂದ ಒಂದು ಮಾತು ಅಕ್ಷರ ಬಿಡದೆ ನೆನಪಿತ್ತು. ಗುಮಾಸ್ತರು ಹೋದ ದಿನ ಯಾವ ವಾರ ಅಂತಲೂ ನೆನಪಿರಲಿಲ್ಲ.

ಹೋದ ವರ್ಷ ಅರಸೀಕೆರೆಯ ಹತ್ತಿರ ಅವರ ಊರಿಗೆ ಹೋಗಿದ್ದೆ. ಜಗಲಿಯ ಮೇಲೆ ಕೂತಿದ್ದರು. ಮಗ ಇದ್ದ, ಸೊಸೆ ಇದ್ದಳು, ಶಾಲೆಗೆ ಹೋಗುವ ಮೊಮ್ಮಗ ಇದ್ದ. ಅವರೆಲ್ಲರ ಎದುರಿಗೆ ಎರಡು ಬಸ್ಸಿನಿಂದ ಹಿಡಿದು ಗೆದ್ದಲಿನವರೆಗೆ ಪೂರ್ತಿ ಹೇಳಿದೆ. ಅವರು ಏನೂ ಮಾತಾಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅಡುಗೆಮನೆ ಕಡೆ ತಿರುಗಿ ಹೆಂಡತಿಯನ್ನು ಕೂಗಿದರು. ಅವರು ಕೈ ಒರೆಸಿಕೊಳ್ಳುತ್ತಾ ಬಂದು ನಿಂತರು. ಇವರು ನನ್ನ ಕಡೆ ನೋಡಿ ಅಂದರು, "ಇನ್ನೊಂದ್ಸಲ ಹೇಳಿ ಮೇಷ್ಟ್ರೇ, ಇವಳು ಒಳಗಿದ್ದಳು, ಕೇಳಿಸ್ಕೊಂಡಿಲ್ಲ."